ಕ್ಯಾನ್ಸರ್ ಕೋಶ ಏನು ತಿಂದು ಬೆಳೆಯುತ್ತದೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸುವರ್ಣ ಮಹೋತ್ಸವದಲ್ಲಿ ಹಳೆಯ ನೆನಪುಗಳನ್ನು ಹೇಳಿಕೊಳ್ಳುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ಈ ವೇದಿಕೆಯ ಮೇಲೆಯೇ ಇದ್ದಾರೆ. ಸಮಿತಿಯವರು ನನಗೆ ಕೊಟ್ಟ ಅಪ್ಪಣೆ ಬೇರೆ. "ವಿಜ್ಞಾನದ ವಿಷಯ ಹೇಳಿ. ಆದರೆ ಕೊನೆಯ ಸಾಲಿನಲ್ಲಿ ಕುಳಿತ ಅಜ್ಜಿಗೂ ತಿಳಿಯಬೇಕು, ಮನೆಗೆ ಹೋಗುವಾಗ ಉಪಯೋಗಕ್ಕೆ ಬರುವ ಒಂದು ಮಾತಾದರೂ ಅವರ ಜೊತೆ ಹೋಗಬೇಕು" ಎಂದರು. ನಾನು ಜೀವರಸಾಯನಶಾಸ್ತ್ರದ ಮೇಷ್ಟ್ರು, ವೈದ್ಯನಲ್ಲ. ಆದರೂ ಊರಿಗೆ ಬಂದಾಗಲೆಲ್ಲ ಜನ ನನ್ನನ್ನು ಕೇಳುವುದು ಒಂದೇ ಕಾಯಿಲೆಯ ಬಗ್ಗೆ. ಅದು ಕ್ಯಾನ್ಸರ್. ಅದನ್ನು ಕಾಣದ ಬೀದಿ ಈಗ ಯಾವ ಊರಿನಲ್ಲೂ ಉಳಿದಿಲ್ಲ.

ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. "ಸಕ್ಕರೆ ತಿನ್ನುವುದು ಬಿಟ್ಟರೆ ಗಡ್ಡೆ ಒಣಗಿ ಹೋಗುತ್ತದಂತೆ, ನಿಜವಾ?" "ಉಪವಾಸ ಮಾಡಿಸಿದರೆ ಕ್ಯಾನ್ಸರ್ ತಾನೇ ಸಾಯುತ್ತದಂತೆ?" ಇನ್ನು ಫೋನಿನಲ್ಲಿ ಓಡಾಡುವ ಒಂದು ಸಂದೇಶವನ್ನು ನೀವೂ ನೋಡಿರಬಹುದು. ಜರ್ಮನಿಯ ಡಾಕ್ಟರ್ ವಾರ್‌ಬರ್ಗ್ ಎಂಬುವರು ಕ್ಯಾನ್ಸರಿನ ಕಾರಣ ಕಂಡುಹಿಡಿದು ನೊಬೆಲ್ ಬಹುಮಾನ ಪಡೆದರು, ದೇಹ ಆಮ್ಲವಾಗುವುದೇ ಆ ಕಾರಣ, ಆದ್ದರಿಂದ ಸೋಡಾ ನೀರು ಕುಡಿದರೆ ಸಾಕು, ಆಸ್ಪತ್ರೆ ಬೇಡ ಎಂದು ಅದರಲ್ಲಿ ಬರೆದಿರುತ್ತದೆ. ಇವತ್ತು ಈ ಮೂರು ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ. ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭವಿತ್ತು. ಇವುಗಳ ಒಳಗೆ ಒಂದು ನಿಜವಾದ ವಿಜ್ಞಾನದ ಎಳೆ ಇದೆ. ಆ ಎಳೆಯನ್ನು ತಪ್ಪಾಗಿ ಹಿಡಿದು ಎಳೆದಿರುವುದರಿಂದಲೇ ಇವು ಅಪಾಯಕಾರಿ.

ಇದಕ್ಕೆ ಬೇಕಾದ ಪಾಠ ನಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ಮಕ್ಕಳೇ, ಉಸಿರಾಟದ ಪಾಠ ನೆನಪಿಸಿಕೊಳ್ಳಿ. ನಾವು ತಿಂದ ಅನ್ನ, ಮುದ್ದೆ, ರೊಟ್ಟಿ ಎಲ್ಲವೂ ಹೊಟ್ಟೆಯಲ್ಲಿ ಜೀರ್ಣವಾಗಿ ಕೊನೆಗೆ ಗ್ಲೂಕೋಸ್ ಎಂಬ ಸಣ್ಣ ಸಕ್ಕರೆಯಾಗುತ್ತದೆ. ಅದು ರಕ್ತದ ಮೂಲಕ ಪ್ರತಿಯೊಂದು ಜೀವಕೋಶದ ಬಾಗಿಲಿಗೂ ಹೋಗುತ್ತದೆ. ಕೋಶದ ಒಳಗೆ ಒಂದು ಗ್ಲೂಕೋಸ್ ಅಣು ಮೊದಲು ಒಡೆದು ಎರಡು ಪೈರುವೇಟ್ ಅಣುಗಳಾಗುತ್ತದೆ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಆಮ್ಲಜನಕ ಇದ್ದರೆ ಪೈರುವೇಟ್ ಮೈಟೊಕಾಂಡ್ರಿಯ ಎಂಬ ಒಲೆಗೆ ಹೋಗಿ ಪೂರ್ತಿ ಉರಿದು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆಮ್ಲಜನಕ ಸಾಲದಿದ್ದರೆ ನಮ್ಮ ಸ್ನಾಯುಗಳಲ್ಲಿ ಅದು ಲ್ಯಾಕ್ಟಿಕ್ ಆಮ್ಲವಾಗಿ ನಿಲ್ಲುತ್ತದೆ. ಕಬಡ್ಡಿ ಆಟದಲ್ಲಿ ಉಸಿರುಗಟ್ಟಿ ಓಡುವಾಗ ಸ್ನಾಯು ಹಿಡಿಯುವುದು ಈ ಕವಲು ದಾರಿ. ಹಾಲು ಮೊಸರಾಗುವಾಗ ಹೆಪ್ಪಿನ ಬ್ಯಾಕ್ಟೀರಿಯಗಳು ತಯಾರಿಸುವುದೂ ಇದೇ ಲ್ಯಾಕ್ಟಿಕ್ ಆಮ್ಲವನ್ನು.

ಈ ಎರಡು ದಾರಿಗಳ ಲಾಭ ನಷ್ಟ ನೋಡಿ. ಕೋಶದ ಚಿಲ್ಲರೆ ಹಣ ಎಂದರೆ ಎಟಿಪಿ ಎಂಬ ಅಣು. ಒಂದು ಗ್ಲೂಕೋಸ್ ಅಣು ಲ್ಯಾಕ್ಟಿಕ್ ಆಮ್ಲವಾಗಿ ನಿಂತರೆ ಸಿಗುವುದು ಕೇವಲ 2 ಎಟಿಪಿ. ಅದೇ ಅಣು ಮೈಟೊಕಾಂಡ್ರಿಯದಲ್ಲಿ ಪೂರ್ತಿ ಉರಿದರೆ ಸುಮಾರು 30ರಿಂದ 32 ಸಿಗುತ್ತದೆ. ಹಳೆಯ ಪುಸ್ತಕಗಳಲ್ಲಿ 36 ಅಥವಾ 38 ಎಂದು ಬರೆದಿರುತ್ತಿತ್ತು, ಈಗಿನ ಲೆಕ್ಕ ಸ್ವಲ್ಪ ಕಡಿಮೆ. ಹೇಗೆ ನೋಡಿದರೂ ಹದಿನೈದು ಪಟ್ಟು ವ್ಯತ್ಯಾಸ. ಹಾಗಿದ್ದ ಮೇಲೆ ಆಮ್ಲಜನಕ ಕೈಗೆ ಸಿಗುವಂತಿರುವಾಗ ಯಾವ ಕೋಶ ತಾನೇ ಎರಡು ಕಾಸಿನ ದಾರಿ ಹಿಡಿದೀತು?

ಕ್ಯಾನ್ಸರ್ ಕೋಶ ಹಿಡಿಯುತ್ತದೆ. ಅದನ್ನು ಮೊದಲು ಕಂಡವರು ಆ ಫೋನ್ ಸಂದೇಶದಲ್ಲಿ ಹೆಸರು ಬರುವ ಆಟೊ ವಾರ್‌ಬರ್ಗ್ ಅವರೇ. 1883ರಲ್ಲಿ ಹುಟ್ಟಿದ ವಾರ್‌ಬರ್ಗ್ ಬರ್ಲಿನ್ನಿನ ಪ್ರಯೋಗಾಲಯದಲ್ಲಿ 1920ರ ದಶಕದಲ್ಲಿ ಇಲಿಗಳ ಗಡ್ಡೆಯನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಗಾಜಿನ ಸಣ್ಣ ಪಾತ್ರೆಗಳಲ್ಲಿಟ್ಟು, ಅವು ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತವೆ, ಎಷ್ಟು ಆಮ್ಲ ಬಿಡುತ್ತವೆ ಎಂದು ಅಳೆದರು. ಅನಿಲದ ಒತ್ತಡ ಅಳೆಯುವ ಆ ಉಪಕರಣಕ್ಕೆ ಇವತ್ತಿಗೂ ಅವರ ಹೆಸರೇ ಇದೆ. ಆಮ್ಲಜನಕ ಧಾರಾಳವಾಗಿದ್ದರೂ ಗಡ್ಡೆಯ ಕೋಶಗಳು ಗ್ಲೂಕೋಸನ್ನು ಬಕಬಕನೆ ನುಂಗಿ ಲ್ಯಾಕ್ಟಿಕ್ ಆಮ್ಲ ಉಗುಳುತ್ತಿದ್ದವು. ಅದೇ ದಶಕದಲ್ಲಿ ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ಎಂಬ ದಂಪತಿ ಗಡ್ಡೆ ಬೆಳೆದ ಕೋಳಿಯ ರೆಕ್ಕೆಯಿಂದ ಹೊರಬರುವ ರಕ್ತವನ್ನು, ಗಡ್ಡೆಯಿಲ್ಲದ ಇನ್ನೊಂದು ರೆಕ್ಕೆಯ ರಕ್ತದ ಜೊತೆ ಹೋಲಿಸಿದರು. ಗಡ್ಡೆಯ ಕಡೆಯ ರಕ್ತದಲ್ಲಿ ಗ್ಲೂಕೋಸ್ ಕಡಿಮೆ, ಲ್ಯಾಕ್ಟಿಕ್ ಆಮ್ಲ ಹೆಚ್ಚು. ಗಾಜಿನ ಪಾತ್ರೆಯಲ್ಲಿ ಕಂಡದ್ದು ಜೀವಂತ ದೇಹದಲ್ಲೂ ಕಂಡಿತು.

ವಾರ್‌ಬರ್ಗ್ ಅವರಿಗೆ 1931ರಲ್ಲಿ ನೊಬೆಲ್ ಬಹುಮಾನ ಬಂದದ್ದು ನಿಜ. ಆದರೆ ಅದು ಬಂದದ್ದು ಕ್ಯಾನ್ಸರಿಗಾಗಿ ಅಲ್ಲ. ಕೋಶ ಉಸಿರಾಡಲು ಬೇಕಾದ ಕಿಣ್ವದ ಸ್ವಭಾವವನ್ನು ಕಂಡುಹಿಡಿದದ್ದಕ್ಕೆ. ಫೋನಿನ ಸಂದೇಶ ಹಳಿ ತಪ್ಪುವುದು ಮೊದಲು ಇಲ್ಲಿ. ಎರಡನೆಯದಾಗಿ, ವಾರ್‌ಬರ್ಗ್ ಅವರ ಪ್ರಯೋಗ ಸರಿ, ಆದರೆ ಅದಕ್ಕೆ ಅವರು ಕೊಟ್ಟ ವಿವರಣೆ ನಿಲ್ಲಲಿಲ್ಲ. ಕ್ಯಾನ್ಸರ್ ಕೋಶದ ಮೈಟೊಕಾಂಡ್ರಿಯ ಹಾಳಾಗಿದೆ, ಉಸಿರಾಡಲಾಗದೆ ಅದು ಈ ದಾರಿ ಹಿಡಿದಿದೆ, ಕ್ಯಾನ್ಸರಿನ ಮೂಲವೇ ಅದು ಎಂದು ಅವರು ಕೊನೆಯವರೆಗೂ ಹಟ ಹಿಡಿದರು. 1956ರಲ್ಲಿ ಅವರು ಹಾಗೆ ಬರೆದಾಗ ಅದೇ ವರ್ಷ ಸಿಡ್ನಿ ವೈನ್‌ಹೌಸ್ ಎಂಬ ಅಮೆರಿಕದ ವಿಜ್ಞಾನಿ ಅದನ್ನು ಅಲ್ಲಗಳೆದರು. ಮುಂದಿನ ಸಂಶೋಧನೆಗಳು ಹೇಳಿದ್ದೂ ಅದನ್ನೇ: ಬಹುಪಾಲು ಕ್ಯಾನ್ಸರ್ ಕೋಶಗಳ ಮೈಟೊಕಾಂಡ್ರಿಯ ಕೆಲಸ ಮಾಡುತ್ತಲೇ ಇರುತ್ತದೆ. ಒಲೆ ಕೆಟ್ಟಿಲ್ಲ. ಹಾಗಾದರೆ ಕೋಶ ಸೌದೆಯನ್ನು ಒಲೆಗೆ ಹಾಕದೆ ಏನು ಮಾಡುತ್ತಿದೆ?

ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ನಿಮ್ಮ ಹಿತ್ತಲಿನಲ್ಲಿ ಒಂದು ಬೇವಿನ ಮರ ಕಡಿದಿದ್ದೀರಿ ಎನ್ನಿ. ಅಡುಗೆ ಮಾಡುವುದಷ್ಟೇ ಉದ್ದೇಶವಾದರೆ ಎಲ್ಲವನ್ನೂ ಸೀಳಿ ಸೌದೆ ಮಾಡಿ ಉರಿಸುತ್ತೀರಿ. ಪೂರ್ತಿ ಶಾಖ ಸಿಗುತ್ತದೆ, ಉಳಿಯುವುದು ಬೂದಿ. ಆದರೆ ಮನೆ ಕಟ್ಟಿಸುತ್ತಿದ್ದರೆ? ತೊಲೆ, ಬಾಗಿಲು, ಕಿಟಕಿಗೆ ಮರವನ್ನು ಎತ್ತಿಡುತ್ತೀರಿ. ಚೂರುಪಾರು ಮಾತ್ರ ಒಲೆಗೆ ಹೋಗುತ್ತದೆ. ಕ್ಯಾನ್ಸರ್ ಕೋಶ ಸದಾ ಮನೆ ಕಟ್ಟಿಸುತ್ತಿರುವ ಯಜಮಾನ. ಒಂದು ಎರಡಾಗಬೇಕು, ಎರಡು ನಾಲ್ಕಾಗಬೇಕು, ಅದರ ಗುರಿ ಅಷ್ಟೇ. ಹೀಗೆ 30 ಸಲ ಇಮ್ಮಡಿಯಾದರೆ ಒಂದು ಕೋಶ 107 ಕೋಟಿ ಕೋಶಗಳಾಗುತ್ತದೆ. ಕೈಗೆ ಸಿಗುವಷ್ಟು, ಸುಮಾರು ಒಂದು ಸೆಂಟಿಮೀಟರ್ ಗಾತ್ರದ ಗಂಟು ಎಂದರೆ ಹೆಚ್ಚುಕಡಿಮೆ ಅಷ್ಟು ಕೋಶಗಳ ಸಂತೆ.

ಒಂದು ಕೋಶ ಎರಡಾಗಲು ಏನೇನು ಬೇಕು? ವಂಶವಾಹಿಗಳ ಇಡೀ ಗ್ರಂಥವನ್ನು ನಕಲು ಮಾಡಬೇಕು. ಆ ಗ್ರಂಥದಲ್ಲಿ ಸುಮಾರು 600 ಕೋಟಿ ಜೋಡಿ ಅಕ್ಷರಗಳಿವೆ. ಹೊಸ ಕೋಶಕ್ಕೆ ಗೋಡೆಯಂತಿರುವ ಪೊರೆ ಬೇಕು, ಅದು ಕೊಬ್ಬಿನಿಂದ ಆಗಬೇಕು. ಒಳಗಿನ ಸಾಮಾನು ಸರಂಜಾಮಿಗೆ ಪ್ರೋಟೀನ್ ಬೇಕು. ಇವೆಲ್ಲಕ್ಕೂ ಇಂಗಾಲದ ತುಂಡುಗಳು ಬೇಕು. ಗ್ಲೂಕೋಸ್ ಒಡೆಯುವ ದಾರಿಯಲ್ಲಿ ಅಲ್ಲಲ್ಲಿ ಕವಲುಗಳಿವೆ. ಒಂದು ಕವಲಿನಲ್ಲಿ ಡಿಎನ್‌ಎಗೆ ಬೇಕಾದ ರೈಬೋಸ್ ಸಕ್ಕರೆ ತಯಾರಾಗುತ್ತದೆ. ಇನ್ನೊಂದರಲ್ಲಿ ಸೀರಿನ್ ಎಂಬ ಅಮೈನೋ ಆಮ್ಲ. ಮತ್ತೊಂದರಲ್ಲಿ ಕೊಬ್ಬಿಗೆ ಬೇಕಾದ ತುಣುಕುಗಳು. ಗ್ಲೂಕೋಸನ್ನು ಪೂರ್ತಿ ಉರಿಸಿ ಇಂಗಾಲದ ಡೈಆಕ್ಸೈಡ್ ಮಾಡಿ ಉಸಿರಿನಲ್ಲಿ ಹೊರಬಿಟ್ಟರೆ ಕಟ್ಟಲು ಏನೂ ಉಳಿಯುವುದಿಲ್ಲ. ಹಾಗಾಗಿ ಕ್ಯಾನ್ಸರ್ ಕೋಶ ಗ್ಲೂಕೋಸನ್ನು ಹೊಳೆಯಂತೆ ಒಳಗೆ ಹರಿಸಿಕೊಳ್ಳುತ್ತದೆ. ಬೇಕಾದ ಕಡೆ ಕಾಲುವೆ ತಿರುಗಿಸುತ್ತದೆ. ಹೆಚ್ಚಾದದ್ದನ್ನು ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಗೆ ಚೆಲ್ಲುತ್ತದೆ. ಇಷ್ಟು ಗ್ಲೂಕೋಸ್ ಬರುತ್ತಿರುವಾಗ ಒಂದೊಂದರಿಂದ 2 ಎಟಿಪಿ ಸಿಕ್ಕರೂ ಅದಕ್ಕೆ ಕೊರತೆಯಿಲ್ಲ.

ಗ್ಲೂಕೋಸ್ ಒಂದೇ ಅದರ ಊಟವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಕ್ತದಲ್ಲಿ ಗ್ಲೂಟಮಿನ್ ಎಂಬ ಅಮೈನೋ ಆಮ್ಲ ಇದೆ. ಹೊಸ ಅಕ್ಷರ ಬರೆಯಲು ಬೇಕಾದ ಸಾರಜನಕವನ್ನು ಕ್ಯಾನ್ಸರ್ ಕೋಶ ಅದರಿಂದ ಪಡೆಯುತ್ತದೆ, ಮೈಟೊಕಾಂಡ್ರಿಯದ ಚಕ್ರ ತಿರುಗುತ್ತಿರಲೂ ಅದನ್ನೇ ಬಳಸುತ್ತದೆ. ಕೊಬ್ಬನ್ನೂ ಬಳಸಬಲ್ಲದು. ಅಕ್ಕಪಕ್ಕದ ಕೋಶ ಬಿಟ್ಟ ಲ್ಯಾಕ್ಟಿಕ್ ಆಮ್ಲವನ್ನೂ ಎತ್ತಿಕೊಂಡು ಉರಿಸಬಲ್ಲದು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲಿನಿಂದ ಬರುವ ಕಳ್ಳನ ಹಾಗೆ ಅದು.

ಈ ಬದಲಾವಣೆ ಬರುವುದು ಎಲ್ಲಿಂದ? ಕೋಶದ ವಂಶವಾಹಿಗಳಲ್ಲಿ ಆಗುವ ಕೇಡಿನಿಂದ. ಆರೋಗ್ಯವಂತ ಕೋಶ ದೇಹದ ಅಪ್ಪಣೆಯಿಲ್ಲದೆ ಉಣ್ಣುವುದಿಲ್ಲ. ಬೆಳೆಯಬೇಕು ಎಂಬ ಸೂಚನೆ ಬಂದಾಗ ಮಾತ್ರ ಬಾಗಿಲು ಅಗಲ ಮಾಡಿಕೊಳ್ಳುತ್ತದೆ. ರಾಸ್, ಮಿಕ್ ಎಂಬ ಹೆಸರಿನ ವಂಶವಾಹಿಗಳು ಕೆಟ್ಟಾಗ ಆ ಸೂಚನೆ ಯಾರೂ ಕೊಡದೆಯೇ ಹಗಲೂ ರಾತ್ರಿ ಬಾರಿಸುತ್ತಲೇ ಇರುತ್ತದೆ. ಪಿ53 ಎಂಬ ಕಾವಲುಗಾರ ವಂಶವಾಹಿ ಹಾಳಾದರೆ ತಡೆಯುವವರೂ ಇಲ್ಲ. ಜೊತೆಗೆ ಗಡ್ಡೆ ಬೆಳೆದಂತೆ ಅದರ ಒಳಭಾಗಕ್ಕೆ ರಕ್ತ ತಲುಪುವುದಿಲ್ಲ. ರಕ್ತನಾಳದಿಂದ ಆಮ್ಲಜನಕ ಒಂದೆರಡು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದೂರ ಮಾತ್ರ ಹರಿದುಹೋಗಬಲ್ಲದು. ಆಮ್ಲಜನಕ ಕಡಿಮೆಯಾದಾಗ ಕೋಶದಲ್ಲಿ ಎಚ್‌ಐಎಫ್ ಎಂಬ ಪ್ರೋಟೀನ್ ಎಚ್ಚರಗೊಂಡು ಗ್ಲೂಕೋಸಿನ ಬಾಗಿಲುಗಳನ್ನು ಹೆಚ್ಚಿಸುತ್ತದೆ, ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ. ಕೋಶಗಳು ಆಮ್ಲಜನಕವನ್ನು ಹೀಗೆ ಗುರುತಿಸುವ ಬಗೆಯನ್ನು ಬಿಡಿಸಿದ ವಿಲಿಯಂ ಕೇಲಿನ್, ಪೀಟರ್ ರ್‍ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆನ್ಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು.

ಈಗ ಹೊರಗೆ ಚೆಲ್ಲಿದ ಆಮ್ಲದ ಕಥೆ. ಅದು ಗಡ್ಡೆಯ ಸುತ್ತಮುತ್ತಲಿನ ಜಾಗವನ್ನು ಹುಳಿ ಮಾಡುತ್ತದೆ. ಆ ಹುಳಿಯಲ್ಲಿ ನಮ್ಮ ದೇಹದ ಕಾವಲು ಕೋಶಗಳು ಮಂಕಾಗುತ್ತವೆ. ಅಕ್ಕಪಕ್ಕದ ಅಂಗಾಂಶ ಸಡಿಲವಾಗಿ ಗಡ್ಡೆ ಹರಡಲು ದಾರಿಯಾಗುತ್ತದೆ. ಇದು ನಿಜ. ಆದರೆ ಆಮ್ಲದಿಂದ ಕ್ಯಾನ್ಸರ್ ಬಂತು ಎನ್ನುವುದು ಬೂದಿಯಿಂದ ಬೆಂಕಿ ಹತ್ತಿತು ಎಂದ ಹಾಗೆ. ಇನ್ನು ಸೋಡಾ ನೀರು ಕುಡಿದು ಅದನ್ನು ಸರಿಪಡಿಸಬಹುದೇ? ನಮ್ಮ ರಕ್ತದ ಆಮ್ಲ-ಕ್ಷಾರ ಮಟ್ಟವನ್ನು ಶ್ವಾಸಕೋಶ ಮತ್ತು ಮೂತ್ರಪಿಂಡಗಳು 7.35ರಿಂದ 7.45ರ ನಡುವೆ ಬಿಗಿಯಾಗಿ ಹಿಡಿದಿರುತ್ತವೆ. ನಾವು ನಿಂಬೆಹಣ್ಣು ತಿಂದರೂ ಸೋಡಾ ಕುಡಿದರೂ ಆ ಮಟ್ಟ ಅಲ್ಲಾಡುವುದಿಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಮಿತಿಮೀರಿ ಸೋಡಾ ಕುಡಿದು ಆ ಮಟ್ಟ ಅಲ್ಲಾಡಿದರೆ ಅದೇ ಜೀವಕ್ಕೆ ಅಪಾಯ. ಫೋನಿನ ಸಂದೇಶಕ್ಕೆ ಉತ್ತರ ಇಷ್ಟು.

ಈಗ ಸಕ್ಕರೆಯ ಪ್ರಶ್ನೆಗೆ ಬರೋಣ. "ಕ್ಯಾನ್ಸರ್ ಗ್ಲೂಕೋಸ್ ತಿನ್ನುತ್ತದೆ ಎಂದು ನೀವೇ ಹೇಳಿದಿರಿ, ಹಾಗಾದರೆ ಅನ್ನ ನಿಲ್ಲಿಸಿದರೆ ಅದು ಸಾಯಬೇಕಲ್ಲ?" ಕೇಳಲು ನ್ಯಾಯವಾಗಿದೆ. ಆದರೆ ದೇಹ ಹಾಗೆ ನಡೆಯುವುದಿಲ್ಲ. ನಮ್ಮ ಮೈಯ ಸುಮಾರು ಐದು ಲೀಟರ್ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಗ್ಲೂಕೋಸ್ ಐದು ಗ್ರಾಂ ಆಸುಪಾಸು, ಅಂದರೆ ಒಂದು ಚಹಾ ಚಮಚೆಯಷ್ಟು. ಈ ಒಂದು ಚಮಚೆಯನ್ನು ದೇಹ ಎಂಥ ಉಪವಾಸದಲ್ಲೂ ಬರಿದಾಗಲು ಬಿಡುವುದಿಲ್ಲ. ಏಕೆಂದರೆ ಮಿದುಳಿಗೆ ಮುಖ್ಯ ಆಹಾರ ಅದೇ. ಕೆಂಪು ರಕ್ತಕಣಗಳಿಗೆ ಮೈಟೊಕಾಂಡ್ರಿಯವೇ ಇಲ್ಲ, ಅವು ಬದುಕುವುದು ಗ್ಲೂಕೋಸಿನ ಮೇಲೆ ಮಾತ್ರ. ನೀವು ಅನ್ನ ನಿಲ್ಲಿಸಿದರೆ ಯಕೃತ್ತು ಮೊದಲು ತನ್ನ ದಾಸ್ತಾನು ತೆಗೆಯುತ್ತದೆ. ಅದು ಹೆಚ್ಚೆಂದರೆ ಒಂದು ದಿನಕ್ಕೆ ಸಾಲುತ್ತದೆ. ಆಮೇಲೆ ತೋಳು ತೊಡೆಗಳ ಸ್ನಾಯು ಕರಗಿಸಿ, ಅದರ ಪ್ರೋಟೀನಿನಿಂದ ಹೊಸ ಗ್ಲೂಕೋಸ್ ತಯಾರಿಸುತ್ತದೆ. ಆ ಗ್ಲೂಕೋಸ್ ಗಡ್ಡೆಗೂ ಹೋಗುತ್ತದೆ. ಗಡ್ಡೆಯ ಬಾಗಿಲು ದೊಡ್ಡದಾದ್ದರಿಂದ ಅದು ತನ್ನ ಪಾಲನ್ನು ಮೊದಲೇ ಎಳೆದುಕೊಳ್ಳುತ್ತದೆ.

ಹೊಲದಲ್ಲಿ ಕಳೆ ಹೆಚ್ಚಿದೆ ಎಂದು ಇಡೀ ಹೊಲಕ್ಕೆ ನೀರು ಗೊಬ್ಬರ ನಿಲ್ಲಿಸಿದವರನ್ನು ನೀವು ನೋಡಿದ್ದೀರಾ? ಮೊದಲು ಒಣಗುವುದು ರಾಗಿ ಪೈರು. ಕಳೆ ಹೇಗೋ ತಡೆದುಕೊಳ್ಳುತ್ತದೆ. ಕಳೆ ಕೀಳಬೇಕು, ಪೈರಿಗೆ ನೀರು ಬಿಡಬೇಕು. ಕ್ಯಾನ್ಸರ್ ರೋಗಿಯ ವಿಷಯವೂ ಹಾಗೆಯೇ.

ಇನ್ನೂ ಒಂದು ಲೆಕ್ಕ ಕೇಳಿ. ಗಡ್ಡೆ ಚೆಲ್ಲಿದ ಲ್ಯಾಕ್ಟಿಕ್ ಆಮ್ಲ ರಕ್ತದಲ್ಲಿ ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಅದನ್ನು ಮತ್ತೆ ಗ್ಲೂಕೋಸ್ ಮಾಡಿ ರಕ್ತಕ್ಕೆ ಬಿಡುತ್ತದೆ. ಇದನ್ನು ತೋರಿಸಿಕೊಟ್ಟವರೂ ಆ ಕೋರಿ ದಂಪತಿಯೇ. 1947ರ ನೊಬೆಲ್ ಬಹುಮಾನದಲ್ಲಿ ಇಬ್ಬರೂ ಪಾಲು ಪಡೆದರು. ಹೀಗೆ ಒಂದು ಗ್ಲೂಕೋಸ್ ಮರಳಿ ಕಟ್ಟಲು ಯಕೃತ್ತಿಗೆ 6 ಎಟಿಪಿ ಖರ್ಚು. ಗಡ್ಡೆ ಅದನ್ನು ಒಡೆದು ಗಳಿಸುವುದು 2. ಪ್ರತಿ ಸುತ್ತಿನಲ್ಲೂ ನಷ್ಟ ಕಟ್ಟಿಕೊಡುವವರು ರೋಗಿಯೇ. ಕ್ಯಾನ್ಸರ್ ಬಂದವರು ಕಣ್ಣೆದುರೇ ಕರಗಿ ಹೋಗಲು ಇದೂ ಒಂದು ಕಾರಣ. ಗಡ್ಡೆಯಿಂದ ಹುಟ್ಟುವ ಉರಿಯೂತದ ರಾಸಾಯನಿಕಗಳು ಹಸಿವನ್ನು ಕೊಲ್ಲುವುದು, ಸ್ನಾಯುವನ್ನು ಸವೆಸುವುದು ಇನ್ನೊಂದು ಕಾರಣ. ಹೀಗೆ ಮೊದಲೇ ಸೋರುತ್ತಿರುವ ಮಡಕೆಗೆ ನಾವು ಮನೆಯವರು ಪಥ್ಯದ ಹೆಸರಿನಲ್ಲಿ ಇನ್ನೊಂದು ತೂತು ಕೊರೆಯಬಾರದು. ತೂಕ ಕಳೆದುಕೊಂಡ ರೋಗಿ ಕೀಮೋಥೆರಪಿಯನ್ನು ತಾಳಿಕೊಳ್ಳಲಾರ, ಶಸ್ತ್ರಚಿಕಿತ್ಸೆಯ ಗಾಯ ಬೇಗ ಮಾಯುವುದಿಲ್ಲ, ಸಣ್ಣ ಸೋಂಕೂ ದೊಡ್ಡದಾಗುತ್ತದೆ.

ಆದ್ದರಿಂದ ತಾಯಂದಿರೇ, ಚಿಕಿತ್ಸೆಯಲ್ಲಿರುವವರಿಗೆ ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಐದಾರು ಸಲ, ಚೆನ್ನಾಗಿ ಬೇಯಿಸಿದ ಮೆತ್ತಗಿನ ಊಟ ಕೊಡಿ. ರಾಗಿ ಗಂಜಿ, ಬೇಳೆ ಕಟ್ಟು, ಮೊಳಕೆ ಕಾಳಿನ ಸಾರು, ಹಾಲು, ತಿನ್ನುವವರಾದರೆ ಮೊಟ್ಟೆ. ಸಕ್ಕರೆ ಕಾಯಿಲೆಯೂ ಇದ್ದವರು ಅದರ ಪಥ್ಯವನ್ನು ವೈದ್ಯರನ್ನು ಕೇಳಿಯೇ ಪಾಲಿಸಬೇಕು. ಹಾಗೆಂದು ಸಕ್ಕರೆ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಆರೋಗ್ಯವಂತರು ಅತಿಯಾಗಿ ಸಿಹಿ ತಿಂದರೆ ಬೊಜ್ಜು ಬರುತ್ತದೆ, ಬೊಜ್ಜು ಹಲವು ಬಗೆಯ ಕ್ಯಾನ್ಸರಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಆದರೆ ರೋಗ ಬಂದ ಮೇಲೆ ಕಾಫಿಗೆ ಹಾಕುವ ಅರ್ಧ ಚಮಚೆ ಸಕ್ಕರೆ ನಿಲ್ಲಿಸಿದರೆ ಗಡ್ಡೆ ಒಣಗುತ್ತದೆ ಎಂದು ನಂಬಿ ಆಸ್ಪತ್ರೆ ಬಿಡುವುದು ಬೇರೆ ಮಾತು.

ಇಷ್ಟು ಕೇಳಿದ ಮೇಲೆ, ಈ ವಿದ್ಯೆಯಿಂದ ಆದ ಉಪಯೋಗವೇನು ಎಂದು ಮಕ್ಕಳು ಕೇಳಬೇಕು. ಮೂರು ಉಪಯೋಗ ಹೇಳುತ್ತೇನೆ.

ಮೊದಲನೆಯದು ಪೆಟ್ ಸ್ಕ್ಯಾನ್. ಗ್ಲೂಕೋಸಿನಂತೆಯೇ ಕಾಣುವ, ಆದರೆ ವಿಕಿರಣ ಸೂಸುವ ಫ್ಲೋರಿನ್ ಕಟ್ಟಿದ ಒಂದು ಅಣುವನ್ನು ರೋಗಿಗೆ ಸೂಜಿಯಲ್ಲಿ ಕೊಡುತ್ತಾರೆ. ಕೋಶ ಅದನ್ನು ಗ್ಲೂಕೋಸ್ ಎಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಮೊದಲ ಮೆಟ್ಟಿಲು ಹತ್ತಿದ ಮೇಲೆ ಅದು ಮುಂದೆ ಹೋಗಲಾರದು, ಹೊರಗೂ ಬರಲಾರದು, ಅಲ್ಲೇ ಸಿಕ್ಕಿಬೀಳುತ್ತದೆ. ಹೆಚ್ಚು ಗ್ಲೂಕೋಸ್ ನುಂಗುವ ಗಡ್ಡೆ ಚಿತ್ರದಲ್ಲಿ ದೀಪದಂತೆ ಹೊಳೆಯುತ್ತದೆ. ಸ್ಕ್ಯಾನಿಗೆ ಮುಂಚೆ ಕೆಲವು ಗಂಟೆ ಬರಿಹೊಟ್ಟೆಯಲ್ಲಿರಿ ಎನ್ನುವುದು ಇದೇ ಕಾರಣಕ್ಕೆ. ಆ ಫ್ಲೋರಿನ್ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕರ್ಧ ಕಡಿಮೆಯಾಗುತ್ತ ಹೋಗುವುದರಿಂದ ಮೈಯಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಮನುಷ್ಯರಿಗೆ ಇದನ್ನು ಮೊದಲು ಕೊಟ್ಟದ್ದು 1976ರಲ್ಲಿ, ಅಮೆರಿಕದಲ್ಲಿ. ಒಂದು ಎಚ್ಚರಿಕೆ: ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಮಿದುಳು ಯಾವಾಗಲೂ ಹೊಳೆಯುತ್ತದೆ. ಕ್ಷಯದ ಗಂಟೂ ಹೊಳೆಯುತ್ತದೆ, ಏಕೆಂದರೆ ಕಾದಾಡುವ ನಮ್ಮ ರಕ್ಷಣಾ ಕೋಶಗಳೂ ಗ್ಲೂಕೋಸನ್ನು ಹೀಗೆಯೇ ನುಂಗುತ್ತವೆ. ಆದ್ದರಿಂದ ಗಂಟಿನ ತುಣುಕು ತೆಗೆದು ಪರೀಕ್ಷೆ ಮಾಡುವುದು ತಪ್ಪುವುದಿಲ್ಲ. ತುಣುಕು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಿ ಓಡಿಹೋಗಬೇಡಿ.

ಎರಡನೆಯದು ಔಷಧ. ಇಲ್ಲಿ ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರನ್ನು ನೆನೆಯಬೇಕು. ಆಗಲೇ ಚಿಲ್ಲರೆ ಹಣ ಎಂದು ಹೇಳಿದೆನಲ್ಲ, ಆ ಎಟಿಪಿಯನ್ನು 1929ರಲ್ಲಿ ಸೈರಸ್ ಫಿಸ್ಕೆ ಅವರ ಜೊತೆ ಕಂಡುಹಿಡಿದವರು ಅವರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಬೇರೆಯಾಗಿ ಕಂಡುಹಿಡಿದರು. ಮುಂದೆ ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲವನ್ನು ಹೋಲುವ, ಆದರೆ ಅದರ ಕೆಲಸವನ್ನು ತಡೆಯುವ ಅಣುಗಳನ್ನು ತಯಾರಿಸಿತು. ಫೋಲಿಕ್ ಆಮ್ಲವಿಲ್ಲದೆ ಡಿಎನ್‌ಎ ಅಕ್ಷರಗಳು ತಯಾರಾಗುವುದಿಲ್ಲ. ಅಂಥ ಒಂದು ಅಣುವನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಚೇತರಿಸಿಕೊಂಡರು ಎಂದು 1948ರಲ್ಲಿ ವರದಿ ಮಾಡಿದರು. ಆ ಚೇತರಿಕೆ ಬಹಳ ಕಾಲ ನಿಲ್ಲಲಿಲ್ಲ, ಆದರೆ ಅದುವರೆಗೆ ಆ ಮಕ್ಕಳಿಗೆ ಏನೂ ಮಾಡಲಾಗುತ್ತಿರಲಿಲ್ಲ. ಅದೇ ಕುಟುಂಬದ ಮೆಥೊಟ್ರೆಕ್ಸೇಟ್ ಇವತ್ತಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಸುಬ್ಬರಾವ್ ಅದೇ 1948ರಲ್ಲಿ ತೀರಿಕೊಂಡರು, ನೊಬೆಲ್ ಅವರಿಗೆ ಬರಲಿಲ್ಲ.

ಇನ್ನೊಂದು ಔಷಧದ ಕಥೆ ಗಿನಿಯಿಲಿಯಿಂದ ಶುರುವಾಗುತ್ತದೆ. ಅದರ ರಕ್ತದ ಸೀರಮ್ಮಿಗೆ ಇಲಿಗಳ ಕೆಲವು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಗುಣವಿದೆ ಎಂದು 1953ರಲ್ಲಿ ಜಾನ್ ಕಿಡ್ ಕಂಡರು. ಆಮೇಲೆ ಗೊತ್ತಾಯಿತು, ಅದರಲ್ಲಿ ಆಸ್ಪರಾಜಿನೇಸ್ ಎಂಬ ಕಿಣ್ವವಿದೆ, ಅದು ರಕ್ತದಲ್ಲಿರುವ ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ಒಡೆದುಹಾಕುತ್ತದೆ. ನಮ್ಮ ಸಾಮಾನ್ಯ ಕೋಶಗಳು ಆಸ್ಪರಾಜಿನನ್ನು ತಾವೇ ತಯಾರಿಸಿಕೊಳ್ಳಬಲ್ಲವು. ಮಕ್ಕಳಿಗೆ ಬರುವ ಒಂದು ಬಗೆಯ ರಕ್ತದ ಕ್ಯಾನ್ಸರಿನ ಕೋಶಗಳಿಗೆ ಬೇಕಾದಷ್ಟು ತಯಾರಿಸಲು ಬರುವುದಿಲ್ಲ. ಹೊರಗಿನ ಸರಬರಾಜು ನಿಂತರೆ ಅವು ಸಾಯುತ್ತವೆ. ನೋಡಿ, ಕ್ಯಾನ್ಸರನ್ನು ಹಸಿವಿನಿಂದ ಕೊಲ್ಲುವುದು ಎಂದರೆ ಇದು. ಅದಕ್ಕೆ ಮಾತ್ರ ಬೇಕಾದ ಒಂದೇ ಒಂದು ವಸ್ತುವನ್ನು ಹುಡುಕಿ ನಿಲ್ಲಿಸಬೇಕೇ ಹೊರತು ಮಗುವಿನ ಊಟವನ್ನಲ್ಲ. ಬೇರೆ ಔಷಧಗಳ ಜೊತೆ ಇದನ್ನು ಕೊಟ್ಟು, ಒಳ್ಳೆಯ ಕೇಂದ್ರಗಳಲ್ಲಿ ಆ ಕಾಯಿಲೆಯ ಬಹುಪಾಲು ಮಕ್ಕಳನ್ನು ಇವತ್ತು ಗುಣಪಡಿಸುತ್ತಾರೆ.

ಮೂರನೆಯದು ಇತ್ತೀಚಿನದು. ಕೆಲವು ಮಿದುಳಿನ ಗಡ್ಡೆಗಳಲ್ಲಿ ಮತ್ತು ರಕ್ತದ ಕ್ಯಾನ್ಸರುಗಳಲ್ಲಿ ಐಡಿಎಚ್ ಎಂಬ ಕಿಣ್ವವೇ ಕೆಟ್ಟಿರುತ್ತದೆ. ಕೆಟ್ಟ ಕಿಣ್ವ ಒಂದು ವಿಚಿತ್ರ ವಸ್ತು ತಯಾರಿಸುತ್ತದೆ. ಅದು ವಂಶವಾಹಿಗಳ ಗುಂಡಿಗಳನ್ನು ಜಾಮ್ ಮಾಡಿ, ಕೋಶ ಪಕ್ವವಾಗದಂತೆ ತಡೆಯುತ್ತದೆ. 2008 ಮತ್ತು 2009ರಲ್ಲಿ ಇದು ಗೊತ್ತಾಯಿತು. ಹತ್ತು ವರ್ಷದೊಳಗೆ ಆ ಕಿಣ್ವವನ್ನು ತಡೆಯುವ ಮಾತ್ರೆಗಳು ಬಂದವು. ವಾರ್‌ಬರ್ಗ್ ಅವರ ಗಾಜಿನ ಪಾತ್ರೆಯಿಂದ ಹೊರಟ ದಾರಿ ಹೀಗೆ ಇಲ್ಲಿಗೆ ಬಂದು ಮುಟ್ಟಿದೆ.

ಆದರೆ ಬಂಧುಗಳೇ, ಎಷ್ಟು ಔಷಧ ಬಂದರೂ 107 ಕೋಟಿ ಕೋಶಗಳ ಗಂಟನ್ನು ಗೆಲ್ಲುವುದಕ್ಕೂ, ಅದರ ಸಾವಿರ ಪಟ್ಟು ಬೆಳೆದದ್ದನ್ನು ಗೆಲ್ಲುವುದಕ್ಕೂ ಬಹಳ ಅಂತರವಿದೆ. ಗಂಟು ಆ ಹಂತಕ್ಕೆ ಬರಲು 30 ಇಮ್ಮಡಿ ಬೇಕಾಯಿತು, ಅಲ್ಲಿಂದ ಸಾವಿರ ಪಟ್ಟಾಗಲು ಬೇಕಾದದ್ದು ಇನ್ನು ಹತ್ತೇ ಇಮ್ಮಡಿ. "ಬೆಳೆ ಕೊಯ್ಲಾಗಲಿ", "ಮಗಳ ಮದುವೆ ಮುಗಿಯಲಿ" ಎಂದು ಕಾಯುವುದರ ಬೆಲೆ ಅದು. ಮೂರು ವಾರವಾದರೂ ಮಾಯದ ಬಾಯಿ ಹುಣ್ಣು, ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ, ನುಂಗಲು ಕಷ್ಟ, ಬಿಡದ ಕೆಮ್ಮು ಅಥವಾ ಒಡೆದ ದನಿ, ಕಾರಣವಿಲ್ಲದೆ ಇಳಿಯುವ ತೂಕ, ಇವುಗಳಲ್ಲಿ ಯಾವುದು ಕಂಡರೂ ತೋರಿಸಿಕೊಳ್ಳಿ. ಇವೆಲ್ಲ ಕ್ಯಾನ್ಸರೇ ಆಗಿರಬೇಕಿಲ್ಲ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಸರ್ಕಾರದ ಆರೋಗ್ಯ ಕೇಂದ್ರಗಳಲ್ಲೇ ಮಾಡಬೇಕೆಂಬ ಕಾರ್ಯಕ್ರಮವಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಗಳಿವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಹೋಗುವಾಗ ಪಡಿತರ ಚೀಟಿ, ಆಧಾರ್ ಕಾರ್ಡು ಜೊತೆಗಿರಲಿ. ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ, ಅವರ ತಟ್ಟೆ ಲೋಟ ಬೇರೆ ಇಡಬೇಡಿ.

ಕೊನೆಯದಾಗಿ ಹುಡುಗರಿಗೆ ಒಂದು ಮಾತು. ವಂಶವಾಹಿಗಳಲ್ಲಿ ಆಗುವ ಕೇಡಿನಿಂದ ಇದೆಲ್ಲ ಶುರುವಾಗುತ್ತದೆ ಎಂದೆ. ಆ ಕೇಡುಗಳಲ್ಲಿ ಕೆಲವು ತಾನಾಗಿ ಆಗುತ್ತವೆ, ಅವನ್ನು ತಡೆಯಲು ನಮ್ಮ ಕೈಯಲ್ಲಿ ಆಗುವುದಿಲ್ಲ. ಆದರೆ ಹೊಗೆಸೊಪ್ಪು, ಗುಟ್ಕಾ, ಬೀಡಿ, ಸಿಗರೇಟು ಮಾಡುವ ಕೇಡು ನಾವು ದುಡ್ಡು ಕೊಟ್ಟು ತಂದುಕೊಳ್ಳುವುದು. ಬರಿಯ ಅಡಿಕೆ ಅಗಿಯುವುದೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎಂದು ಕಾನೂನಿದೆ. ಅದನ್ನು ಪಾಲಿಸುವಂತೆ ನೋಡಿಕೊಳ್ಳುವುದು ಪೊಲೀಸರ ಕೆಲಸ ಮಾತ್ರವಲ್ಲ, ಈ ಸಭೆಯಲ್ಲಿ ಕುಳಿತಿರುವ ಪಂಚಾಯಿತಿ ಸದಸ್ಯರದ್ದೂ ಅಂಗಡಿಯವರದ್ದೂ ಹೌದು. ಐವತ್ತು ವರ್ಷ ಈ ಶಾಲೆ ಮಕ್ಕಳಿಗೆ ಉಸಿರಾಟದ ಪಾಠ ಹೇಳಿಕೊಟ್ಟಿದೆ. ಹೊರಗೆ ಹೋದ ಮಗು ಆ ಉಸಿರನ್ನು ಕಾಪಾಡಿಕೊಳ್ಳಲು ಊರು ಜೊತೆಗಿರಲಿ.